ಬೀಳದ ಇಲಿ

ಇಲಿ ಬಿದ್ದರೆ ಊರು ಬಿಡಬೇಕೆಂಬುದು ತುಮಕೂರು, ಗುಬ್ಬಿ, ಕುಣಿಗಲುಗಳನ್ನೊಳಗೊಂಡ ಹಳೆಯ ಮೈಸೂರು ಸೀಮೆಯ ಹಿರಿಯರು ಪ್ಲೇಗಿನಿಂದ ಕಲಿತ ಪಾಠ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಆ ಮಾರಿ ಇಲಿಗಳನ್ನೂ ಕೊಲ್ಲುತ್ತಿತ್ತು. ಮನೆಯೊಳಗೆ ಸತ್ತ ಇಲಿ ಕಂಡೊಡನೆ ಜನರು ಬಾಗಿಲಿಗೆ ಬೀಗವಿಕ್ಕಿ, ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿಯ ಸಾವೇ ಮನುಷ್ಯನಿಗೆ ಎಚ್ಚರಿಕೆಯಾಗಿತ್ತು.

ಕಾಡಿಲಿ, ಹೊಲದಿಲಿಗಳಲ್ಲಿ ನೆಲೆಸುವ ಅನೇಕ ವೈರಸ್ಸುಗಳ ರೀತಿಯೇ ಬೇರೆ. ಆಶ್ರಯವಿತ್ತ ಪ್ರಾಣಿಯನ್ನು ಅವು ಸಾಮಾನ್ಯವಾಗಿ ಪೀಡಿಸುವುದಿಲ್ಲ. ಆದುದರಿಂದ ಅವುಗಳನ್ನು ವಿಜ್ಞಾನಿಗಳು ಹುಡುಕಿಕೊಂಡೇ ಹೋಗಬೇಕಾಗುತ್ತದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು; ಸುತ್ತಲ ಹಳ್ಳಿಗರು ತೀವ್ರ ಜ್ವರದಿಂದ ನರಳಿದರು. ಹಳದಿ ಜ್ವರವಿರಬಹುದೆಂದು ಶಂಕಿಸಿ ಬಂದ ಪುಣೆಯ ವೈರಸ್ ಸಂಶೋಧನ ಕೇಂದ್ರದವರಿಗೆ ಜಗತ್ತು ಅರಿಯದಿದ್ದ ಹೊಸ ವೈರಸ್ ದೊರೆಯಿತು. ಅದನ್ನು ಹರಡುವುದು ಉಣುಗು ಎಂದೂ ತಿಳಿಯಿತು. ಕಾಯಿಲೆಗೆ ಮಂಗನ ಹೆಸರು ಅಂಟಿತು. ಆದರೆ ಮಂಗ ತಾನೇ ಸಾಯುತ್ತಿತ್ತು. ಸೋಂಕು ಕಾಡಿನಲ್ಲಿ ಉಳಿಯುತ್ತಿದ್ದುದು ಹೇಗೆ? ಸಂಶೋಧಕರು ಬೋನುಗಳನ್ನಿಟ್ಟು ಸಣ್ಣ ಪ್ರಾಣಿಗಳನ್ನು ಹಿಡಿದರು. ಅವುಗಳ ಮೈಯ ಉಣುಗುಗಳನ್ನು ಆಯ್ದರು. ರಕ್ತವನ್ನು ಪ್ರಯೋಗಶಾಲೆಯ ಎಳೆಯ ಇಲಿಮರಿಗಳಿಗೆ ಚುಚ್ಚಿ ನೋಡಿದರು. ಕಾಡಿಲಿಗಳಲ್ಲಿಯೂ ಸೊಂಡಿಲಿಗಳಲ್ಲಿಯೂ ಅದೇ ವೈರಸ್ ಸಿಕ್ಕಿತು. ಮರಿ ಉಣುಗುಗಳು ರಕ್ತ ಹೀರುವುದು ಇಂಥ ಪ್ರಾಣಿಗಳಿಂದಲೇ.

ತಮಿಳುನಾಡಿನ ವೆಲ್ಲೂರಿನಲ್ಲಿ 1964ರಲ್ಲಿ ಇನ್ನೊಂದು ವೈರಸ್ ಸೊಂಡಿಲಿಯಲ್ಲಿ ಸಿಕ್ಕಿತು. ಸೊಂಡಿಲಿ ಹೆಸರಿಗೆ ಮಾತ್ರ ಇಲಿ. ಪ್ರಾಣಿಶಾಸ್ತ್ರದಲ್ಲಿ ಅದರ ಕುಲವೇ ಬೇರೆ. ತೋಟಪಾಳಯಂ ಎಂದು ಹೆಸರು ಪಡೆದ ಆ ವೈರಸ್ ಯಾವ ವಂಶದ್ದೆಂದು ಆಗ ಯಾರಿಗೂ ತಿಳಿಯಲಿಲ್ಲ. 1950–53ರ ಕೊರಿಯಾ ಯುದ್ಧದಲ್ಲಿ ಸಾವಿರಾರು ಸೈನಿಕರನ್ನು ಕಾಡಿದ ಜ್ವರದ ಮೂಲವನ್ನು 1976ರಲ್ಲಿ ಲೀ ಹೋ ವಾಂಗ್ ಎಂಬ ಕೊರಿಯಾದ ವಿಜ್ಞಾನಿ ಹೊಲದಿಲಿಯಲ್ಲಿ ಕಂಡುಹಿಡಿದರು. ಅದಕ್ಕೆ ಅಲ್ಲಿನ ನದಿಯ ಹೆಸರಿನಿಂದ ‘ಹಂಟಾನ್’ ಎಂದು ಹೆಸರಾಯಿತು. ವೆಲ್ಲೂರಿನದೂ ಅದೇ ಬಳಗದ್ದೆಂಬುದು ಆಮೇಲೆ ಗೊತ್ತಾಯಿತು. ಹನ್ನೆರಡು ವರ್ಷ ಮೊದಲೇ ಕೈಗೆ ಸಿಕ್ಕಿದ್ದ ವಸ್ತುವಿನ ಬೆಲೆ ತಿಳಿಯಲು ಇನ್ನೊಂದು ದೇಶದ ಶೋಧ ಬೇಕಾಯಿತು!

ಇಲಿಗಳು ಹರಡುವ ಹಂಟಾ ವೈರಸ್ಸುಗಳು ಅವುಗಳ ಹಿಕ್ಕೆ, ಮೂತ್ರಗಳಲ್ಲಿದ್ದು, ಒಣಗಿದ ಧೂಳಿನೊಡನೆ ಉಸಿರಿಗೆ ಸೇರಬಲ್ಲವು. ಬಹುಕಾಲ ಮುಚ್ಚಿಟ್ಟ ಉಗ್ರಾಣವನ್ನೋ ತೋಟದ ಮನೆಯನ್ನೋ ತೆರೆಯುವವರು ಒಡನೆಯೇ ಪೊರಕೆ ಹಿಡಿಯಬಾರದು. ಬಾಗಿಲು ಕಿಟಕಿಗಳನ್ನು ತೆರೆದು ಗಾಳಿಯಾಡಲು ಬಿಟ್ಟು, ಕ್ರಿಮಿನಾಶಕ ದ್ರಾವಣದಿಂದ ಹಿಕ್ಕೆಯನ್ನು ಚೆನ್ನಾಗಿ ನೆನೆಸಿ, ಕೈಚೀಲ ತೊಟ್ಟು ಒರೆಸಿ ತೆಗೆಯುವುದು ಕ್ಷೇಮ. ಅಲ್ಲಿ ಸತ್ತ ಇಲಿ ಕಾಣಲಿಲ್ಲವೆಂದು ಈ ಎಚ್ಚರವನ್ನು ಬಿಡುವಂತಿಲ್ಲ.