ನಾಳೆಯ ಕರೆಂಟು

‘ಇನ್ನೆರಡು ದಶಕ ತಡೀರಿ ಸಾರ್, ಫ್ಯೂಷನ್ ಬಂದುಬಿಡುತ್ತೆ. ಈ ಸೋಲಾರ್ ಪ್ಯಾನೆಲ್ಲೆಲ್ಲ ಗುಜರಿಗೆ.’ ಮೈಸೂರಿನ ಒಂದು ಉಪನ್ಯಾಸ ಮುಗಿದ ಮೇಲೆ ಕೇಳಿದ ಮಾತಿದು. ಜೊತೆಗೊಂದು ಸಮರ್ಥನೆ: ‘ಶಿವನಸಮುದ್ರವೂ ಒಂದು ಕಾಲಕ್ಕೆ ಕನಸೇ ಅಲ್ಲವೆ?’

ಅಲ್ಲ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದದ್ದು ಸಾಹಸವೇ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಆದರೆ ಅದು ಜೂಜಾಗಿರಲಿಲ್ಲ. 1896ರಿಂದಲೇ ನಯಾಗರಾದ ಕರೆಂಟು ಬಫಲೋ ನಗರಕ್ಕೆ ಹರಿಯುತ್ತಿತ್ತು. ಯಂತ್ರ ಮಾಡಿಕೊಡಲು ಜನರಲ್ ಎಲೆಕ್ಟ್ರಿಕ್ ಕಂಪನಿಯಿತ್ತು, ಕೊಳ್ಳಲು ಗಣಿಯವರಿದ್ದರು. ದಿವಾನ್ ಶೇಷಾದ್ರಿ ಅಯ್ಯರ್ ದೊಡ್ಡವರಾದದ್ದು ಕನಸು ಕಂಡದ್ದಕ್ಕಲ್ಲ, ಕೈಗೆಟುಕಿದ್ದನ್ನು ತಡಮಾಡದೆ ತಂದದ್ದಕ್ಕೆ.

ಫ್ಯೂಷನ್, ಅಂದರೆ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ವಿದ್ಯೆ, ಎಲ್ಲಿದೆ? 2022ರ ಡಿಸೆಂಬರಿನಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 2.05 ಮೆಗಾಜೂಲ್ ಲೇಸರ್ ಬೆಳಕಿಗೆ 3.15 ಮೆಗಾಜೂಲ್ ಶಕ್ತಿ ಹೊಮ್ಮಿತು. ಜಗತ್ತು ಚಪ್ಪಾಳೆ ತಟ್ಟಿತು. ಆ ಲೇಸರುಗಳು ನುಂಗಿದ ವಿದ್ಯುತ್ತು ಮಾತ್ರ ಸುಮಾರು 300 ಮೆಗಾಜೂಲ್. ಭಾರತವೂ ಪಾಲುದಾರನಾಗಿರುವ ಫ್ರಾನ್ಸಿನ ಇಟರ್ ಯಂತ್ರವಂತೂ ಗ್ರಿಡ್ಡಿಗೆ ಕರೆಂಟು ಕೊಡಲೆಂದು ಕಟ್ಟುತ್ತಿರುವುದೇ ಅಲ್ಲ, ಅದು ಪ್ರಯೋಗ. ಫ್ಯೂಷನ್ನಿಗೆ ಇಂಧನವೆಂದು ಚಂದ್ರನಿಂದ ಹೀಲಿಯಂ-3 ತರುತ್ತೇವೆನ್ನುವವರ ಬಗ್ಗೆ ಮಾತೇ ಬೇಡ.

ಒಂದು ವಾದಕ್ಕೆ ಮಾತ್ರ ತಲೆಬಾಗುತ್ತೇನೆ. 1954ರಲ್ಲಿ ಬೆಲ್ ಪ್ರಯೋಗಾಲಯದ ಸೌರಕೋಶ ಬಿಸಿಲಿನ ನೂರರಲ್ಲಿ ಆರು ಪಾಲನ್ನಷ್ಟೇ ವಿದ್ಯುತ್ತಾಗಿಸುತ್ತಿತ್ತು. ಬೆಲೆಯೋ, ಉಪಗ್ರಹಕ್ಕೆ ಮಾತ್ರ ತಾಳುವಂಥದ್ದು. ಅದನ್ನು ಆಗ ಆಟಿಕೆಯೆಂದು ಬಿಟ್ಟಿದ್ದರೆ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಇವತ್ತು 2,050 ಮೆಗಾವ್ಯಾಟ್ ಇರುತ್ತಿರಲಿಲ್ಲ. ಹಾಗಾಗಿ ಸಂಶೋಧನೆಗೆ ಹಣ ಸುರಿಯಲಿ, ಧಾರಾಳವಾಗಿ.

ನನ್ನ ತಕರಾರು ‘ತಡೀರಿ’ ಎಂಬುದರ ಮೇಲೆ. ಪಾವಗಡದ ಬಿಸಿಲು ಸಂಜೆ ಆರೂವರೆಗೆ ಮುಗಿಯುತ್ತದೆ, ನಮ್ಮ ಮನೆಗಳ ದೀಪ, ಮಿಕ್ಸಿ, ಟೀವಿ ಶುರುವಾಗುವುದೇ ಆಗ. ಹಗಲಿನದನ್ನು ರಾತ್ರಿಗೆ ಕೂಡಿಡುವುದು ಹೇಗೆ? ಬ್ಯಾಟರಿಗೆ ದುಡ್ಡು ಬೇಕು. ಶರಾವತಿ ಕಣಿವೆಯಲ್ಲಿ ನೀರನ್ನು ಮೇಲೆತ್ತಿ ಇಳಿಸುವ 2,000 ಮೆಗಾವ್ಯಾಟ್ ಯೋಜನೆಗೆ ಸಿಂಗಳೀಕಗಳ ಕಾಡೇ ಬೇಕು. ಎರಡರಲ್ಲೂ ಯಾರದೋ ಕೋಪ ಕಟ್ಟಿಟ್ಟದ್ದು. ಫ್ಯೂಷನ್ನಿನ ಮಾತಿಗೆ ಯಾರೂ ಕೋಪಿಸಿಕೊಳ್ಳುವುದಿಲ್ಲ, ಅದಕ್ಕೇ ಅದು ಅಷ್ಟು ಹಿತ.

ಪ್ರಯೋಗಾಲಯದ ಖಾತೆಗೆ ಎಷ್ಟಾದರೂ ಬರೆಯಿರಿ. ಊರಿನ ವಿದ್ಯುತ್ ಲೆಕ್ಕದಲ್ಲಿ ಮಾತ್ರ ಫ್ಯೂಷನ್ನಿನ ಹೆಸರಿಗೆ ಒಂದು ಮೆಗಾವ್ಯಾಟನ್ನೂ ಜಮಾ ಮಾಡಬೇಡಿ.