ಕಾಣದಾದ ಗುರುತುಗಳು

ಕಂಪ್ಯೂಟರಿನ ಪರದೆಯ ಒಂದು ಮೂಲೆಯಲ್ಲಿ ಸಾಲಾಗಿ ನಿಂತ ಪುಟ್ಟ ಗುರುತುಗಳನ್ನು ನಾವೆಲ್ಲರೂ ನೋಡಿದ್ದೇವೆ. ಹೊಸ ಸಂದೇಶ ಬಂತೇ, ಕಡತ ಇಳಿಯಿತೇ ಎಂಬುದನ್ನು ಅವೇ ನಮಗೆ ತಿಳಿಸುವುವು. ಲಿನಕ್ಸ್ ಹಾಕಿದ ಯಂತ್ರಗಳಲ್ಲಿ ಇವು ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಮಾಯವಾಗುತ್ತವೆ. ಅಂಗಡಿಗೆ ಹೊತ್ತೊಯ್ದರೆ "ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು" ಎನ್ನುವವರಿದ್ದಾರೆ. ಹಣವೂ ಹೋಯಿತು, ಪಿ.ಎಫ್. ಕಾಗದ, ಮಕ್ಕಳ ಸರ್ಟಿಫಿಕೇಟುಗಳ ಪ್ರತಿಯೂ ಹೋಯಿತು!

ಇದು ಅನಾವಶ್ಯಕವೆಂದು ನಮ್ಮ ಖಚಿತ ಅಭಿಪ್ರಾಯ. ಭಟ್ಟಿಯಲ್ಲಿ ದೋಸೆ ತಯಾರಾಗಿದೆ. ಕೂಗು ಮಾತ್ರ ಸಪ್ಲಾಯರನಿಗೆ ಕೇಳಿಸಿಲ್ಲ. ಅದಕ್ಕಾಗಿ ಭಟ್ಟಿಯನ್ನೇ ಒಡೆಯುವರೇ?

ಎಕ್ಸ್‌ಎಫ್‌ಸಿಇ ಇದ್ದರೆ ಪಟ್ಟಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಪ್ಯಾನೆಲ್', 'ಆಡ್ ನ್ಯೂ ಐಟಮ್ಸ್' ಎಂದು ಹೋಗಿ 'ಸ್ಟೇಟಸ್ ಟ್ರೇ ಪ್ಲಗಿನ್' ಸೇರಿಸಬೇಕು. ಮಾಟೆ ಇದ್ದರೆ 'ಆಡ್ ಟು ಪ್ಯಾನೆಲ್' ಒತ್ತಿ 'ನೋಟಿಫಿಕೇಶನ್ ಏರಿಯಾ' ಆರಿಸಬೇಕು. ಕೈತಪ್ಪಿ ತೆಗೆದದ್ದು ಇಷ್ಟರಿಂದಲೇ ಮರಳುವುದು.

ಗ್ನೋಮ್‌ನ ಕಥೆ ಬೇರೆ. ಅಲ್ಲಿ ನೆಟ್, ಬ್ಯಾಟರಿಗಳ ಗುರುತು ಉಳಿದಿವೆ. ಇತರ ಪ್ರೋಗ್ರಾಮುಗಳ ಗುರುತು ನಿಲ್ಲುವ ಹಳೆಯ ಜಾಗವನ್ನು 2017ರ 3.26ನೆಯ ಆವೃತ್ತಿಯಲ್ಲಿ ತಯಾರಕರೇ ತೆಗೆದರು. ಹಳೆಯ ಪದ್ಧತಿ ವೇಲ್ಯಾಂಡ್ ಎಂಬ ಹೊಸ ಏರ್ಪಾಟಿಗೆ ಹೊಂದದೆಂಬುದು ನಿಜ, ಅದನ್ನು ಒಪ್ಪೋಣ. ಆದರೆ ದಿನವೂ ಬಳಸುವವನ ಕಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು. ನೆಲದ ಮೇಲೆ ಓಡಾಡುವವನನ್ನು ಕೇಳದೆ ಗಲ್ಲಾದಲ್ಲಿ ಕೂತು ಟೇಬಲ್ ಬದಲಿಸುವ ರೀತಿಯನ್ನು ನಾವು ಬಲ್ಲೆವಷ್ಟೆ.

ಆದರೆ ಇಲ್ಲೊಂದು ವಿಶೇಷವಿದೆ. ಈ ತಂತ್ರಾಂಶವನ್ನು ತಿದ್ದುವ ಹಕ್ಕು ಯಾರಿಗೂ ಉಂಟು. ಆದುದರಿಂದ ಬೇಕಾದವರು ಕೂಡಿ 'ಆಪ್‌ಇಂಡಿಕೇಟರ್' ಎಂಬ ಜೋಡಣೆಯನ್ನು ಮಾಡಿ ಉಚಿತವಾಗಿ ಕೊಟ್ಟಿದ್ದಾರೆ. ಉಬುಂಟುವಿನಲ್ಲಿ ಅದು ಮೊದಲೇ ಇರುತ್ತದೆ. ಡೆಬಿಯನ್, ಫೆಡೋರಾಗಳಲ್ಲಿ ಹಾಕಿಕೊಂಡು, ಒಮ್ಮೆ ಲಾಗೌಟ್ ಆಗಿ ಬಂದು, 'ಎಕ್ಸ್‌ಟೆನ್ಶನ್ಸ್'ನಲ್ಲಿ ಚಾಲೂ ಮಾಡಿದರೆ ಸಾಕು.

ಕಿತ್ತುಕೊಂಡದ್ದನ್ನು ಮರಳಿ ಪಡೆಯಲು ಹಕ್ಕೊಂದೇ ಸಾಲದು, ತಿಳಿವಳಿಕೆಯೂ ಬೇಕು. ತಿಳಿಯದವನಿಗೆ ಹಕ್ಕು ಬೀಗ ಹಾಕಿದ ಪೆಟ್ಟಿಗೆಯಂತೆ. ಆದುದರಿಂದ ಕಲಿತವರು ರಜೆಯ ದಿನ ಇಬ್ಬರಿಗಾದರೂ ಕಲಿಸತಕ್ಕದ್ದು. ಸಂಘಗಳು ರಾತ್ರಿಯ ತರಗತಿಗಳಲ್ಲಿ ಓದು, ಲೆಕ್ಕಗಳ ಜೊತೆಗೆ ಇದಕ್ಕೂ ಒಂದು ಗಂಟೆ ಮೀಸಲಿಡಲಿ. ನಮ್ಮ ಯಂತ್ರದ ಕೀಲಿ ನಮ್ಮ ಕೈಯಲ್ಲಿರಲಿ.