ರಿಪೋರ್ಟು ನಾರ್ಮಲ್ಲು, ಆದ್ರೆ ಮನುಷ್ಯ?

"ಸ್ವಲ್ಪ ವಾಕಿಂಗ್ ಮಾಡಿ, ಎಲ್ಲಾ ಸರಿ ಹೋಗುತ್ತೆ." ಕೋವಿಡ್ ಬಂದು ಹೋದ ಮೇಲೂ ಏಳಲಾಗದೆ ಕೂತವರಿಗೆ ನಮ್ಮಲ್ಲಿ ಪುಕ್ಕಟೆ ಸಿಗೋ ಸಲಹೆ ಇದು. ನನ್ನ ತಕರಾರು ಇರೋದೇ ಇದರ ಮೇಲೆ.

ಈ ಕಾಯಿಲೆಗೆ ಹೆಸರಿಟ್ಟವರು ಡಾಕ್ಟರುಗಳಲ್ಲ ಸ್ವಾಮಿ, ರೋಗಿಗಳು. 2020ರ ಮೇ ತಿಂಗಳಲ್ಲಿ ಇಟಲಿಯ ಪುರಾತತ್ವಜ್ಞೆ ಎಲಿಸಾ ಪೆರೆಗೊ ಟ್ವಿಟರಿನಲ್ಲಿ 'ಲಾಂಗ್ ಕೋವಿಡ್' ಅಂತ ಬರೆದರು, ಅದೇ ನಿಂತಿತು. ಲಕ್ಷಣಗಳನ್ನ ಎಣಿಸೋಕೆ ಕೂತವರೂ ರೋಗಿಗಳೇ. ಅವರದೇ ಒಂದು ತಂಡ 56 ದೇಶಗಳ 3,762 ಜನರನ್ನ ಕೇಳಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 203 ಲಕ್ಷಣಗಳಿದ್ದವು. ಇನ್ನೂರ ಮೂರು! ಇಷ್ಟುದ್ದ ಪಟ್ಟಿ ನೋಡಿದ್ರೆ 'ಇರೋ ಬರೋದನ್ನೆಲ್ಲ ಇದರ ತಲೆಗೇ ಕಟ್ಟಿದಾರೆ' ಅನಿಸೋದು ಸಹಜ. ಆದ್ರೆ ನೋಡಬೇಕಾದ್ದು ಪಟ್ಟಿಯ ಉದ್ದವನ್ನಲ್ಲ, ಯಾವುದು ಯಾವುದರ ಜೊತೆ ಬರುತ್ತೆ ಅನ್ನೋದನ್ನ. ಅಮೆರಿಕದ ರಿಕವರ್ ಅಧ್ಯಯನ 2023ರಲ್ಲಿ ನಾಲ್ಕು ಗುಂಪುಗಳನ್ನ ಗುರುತಿಸಿತು. ಒಂದರಲ್ಲಿ ವಾಸನೆ, ರುಚಿ ಕೆಟ್ಟಿದ್ದೇ ಮುಖ್ಯ. ಇನ್ನೊಂದರಲ್ಲಿ ಸುಸ್ತು ಮತ್ತು ಕೆಲಸ ಮಾಡಿದ ನಂತರದ ಕುಸಿತ. ಮೂರನೆಯದರಲ್ಲಿ ಇವುಗಳ ಜೊತೆ ತಲೆಗೆ ಮಂಕು. ನಾಲ್ಕನೆಯದರಲ್ಲಿ ಇದೆಲ್ಲದರ ಮೇಲೆ ತಲೆಸುತ್ತು, ಎದೆಬಡಿತ, ಹೊಟ್ಟೆಯ ತೊಂದರೆ.

ಆ 'ನಂತರದ ಕುಸಿತ' ಇದೆಯಲ್ಲ, ಎಡವಟ್ಟೆಲ್ಲ ಅಲ್ಲೇ. ಅದು ಕೆಲಸ ಮಾಡಿದ ತಕ್ಷಣ ಬರೋದು ಕಡಿಮೆ. ಅನೇಕರಿಗೆ ಒಂದು ದಿನ, ಎರಡು ದಿನ ಬಿಟ್ಟು ಬರುತ್ತೆ. ನಮ್ಮ ಅತ್ತಿಗೆಗೆ 2021ರ ಎರಡನೇ ಅಲೆಯಲ್ಲಿ ಕೋವಿಡ್ ಬಂದಿತ್ತು. ಜ್ವರ ಹೋಯ್ತು, ಸುಸ್ತು ಹೋಗಲಿಲ್ಲ. ರಕ್ತ ಪರೀಕ್ಷೆ, ಇಸಿಜಿ, ಎಕ್ಸ್‌ರೇ ಎಲ್ಲಾ ನಾರ್ಮಲ್ಲು. ಭಾನುವಾರ 'ಇವತ್ತು ಪರವಾಗಿಲ್ಲ' ಅಂತ ಬಟ್ಟೆ ಒಗೆದು, ಚಪಾತಿ ಲಟ್ಟಿಸಿ, ಬಂದ ನೆಂಟರ ಜೊತೆ ನಕ್ಕು ಮಾತಾಡಿದ್ರೆ ಮಂಗಳವಾರ ಹಾಸಿಗೆಯಿಂದ ಏಳೋ ಹಾಗಿಲ್ಲ. ಮಂಗಳವಾರದ ಅತ್ತಿಗೆಯನ್ನ ಆ ನೆಂಟರು ನೋಡಿಯೇ ಇಲ್ಲ. ಅವರ ಪ್ರಕಾರ ಎಲ್ಲಾ ನಾಟಕ!

2006ರಲ್ಲಿ ಚಿಕುನ್‌ಗುನ್ಯ ಬಂದಾಗ ಜ್ವರ ಬಿಟ್ಟು ತಿಂಗಳುಗಟ್ಟಲೆ ಆದ್ರೂ ಜನ ಗೋಡೆ ಹಿಡಿದು ನಡೀತಿದ್ದದ್ದು ನಿಮಗೂ ನೆನಪಿರಬಹುದು. ಅವರನ್ನ ಯಾರೂ ಸೋಮಾರಿ ಅನ್ನಲಿಲ್ಲ. ಕೀಲು ಊದಿದ್ದು ಕಣ್ಣಿಗೆ ಕಾಣ್ತಿತ್ತಲ್ಲ, ಅದಕ್ಕೆ.

ಬ್ರಿಟನ್ನಿನ ನೈಸ್ ಸಂಸ್ಥೆ, ಇದೇ ಬಗೆಯ ಕುಸಿತ ಇರೋ ಎಂಇ/ಸಿಎಫ್ಎಸ್ ಅನ್ನೋ ಹಳೇ ಕಾಯಿಲೆಗೆ, ದಿನಾ ಇಷ್ಟಿಷ್ಟೇ ವ್ಯಾಯಾಮ ಏರಿಸ್ತಾ ಹೋಗೋ ಚಿಕಿತ್ಸೆಯನ್ನ 2021ರ ಅಕ್ಟೋಬರಿನಲ್ಲಿ ಕೈಬಿಟ್ಟಿತು. ನಮ್ಮಲ್ಲಿ ಇನ್ನೂ ವಾಕಿಂಗು, ಸೂರ್ಯ ನಮಸ್ಕಾರ!

ಹಾಗಂತ ಸುಸ್ತೆಲ್ಲ ಲಾಂಗ್ ಕೋವಿಡ್ ಅಲ್ಲ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಇದೆಯಾ ಅಂತ ಮೊದಲು ನೋಡಿಸಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವ್ಯಾಖ್ಯೆಯೂ 'ಬೇರೆ ಕಾರಣ ಸಿಗದಿದ್ದರೆ' ಅಂತಲೇ ಹೇಳುತ್ತೆ. ತಿಂಗಳುಗಟ್ಟಲೆ ಮಲಗಿ ಶಕ್ತಿ ಕಳಕೊಂಡ, ಈ ಕುಸಿತ ಇಲ್ಲದವರಿಗೆ ನಡಿಗೆ ಒಳ್ಳೇದೇ ಮಾಡಬಹುದು. ಇಬ್ಬರಲ್ಲಿ ಯಾರು ಯಾರು ಅಂತ ತಿಳಿಯೋಕೆ ಭಾರಿ ಯಂತ್ರವೇನೂ ಬೇಡ. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಿನಲ್ಲೇ ಆ ದಿನ ಏನು ಮಾಡಿದ್ರಿ, ಮಾರನೇ ದಿನ, ಅದರ ಮಾರನೇ ದಿನ ಹೇಗಿದ್ರಿ ಅಂತ ಒಂದು ತಿಂಗಳು ಗುರುತು ಹಾಕಿ. ಡಾಕ್ಟರ ಹತ್ರ ಹೋಗುವಾಗ ರಿಪೋರ್ಟುಗಳ ಜೊತೆ ಆ ಹಾಳೆಯನ್ನೂ ಹರಿದು ತಗೊಂಡು ಹೋಗಿ.